ಮುಳುಗಿದ ಊರಿನ ಇಬ್ಬರು ಸದಸ್ಯರು

ಸಫೋಕ್ ಕರಾವಳಿಯ ಕಾರು ನಿಲ್ಲಿಸುವ ಬಯಲಿನಂಚಿಗೆ
ಎಡ್ವಿನಾ ಥರ್ಕೆಟಲ್‌ಳ ಚಹಾದ ಮರದ ಗೂಡು.
ಹಿಂದೆ ನಲವತ್ತು ಹೆಜ್ಜೆ ಹುಲ್ಲು,
ಆಮೇಲೆ ಏನೂ ಇಲ್ಲ,
ಗಾಳಿ, ಬಹಳ ಕೆಳಗೆ ಕಂದು ಕಡಲು.
ಹೋದ ವರ್ಷ ಐವತ್ತೆರಡಿತ್ತು.
ಅವಳದೇ ಹೆಜ್ಜೆ, ಬೂಟು ಹಾಕಿಕೊಂಡು ಅಳೆದದ್ದು.

ಇಲ್ಲಿ ದಿನಾ ಬೆಳಿಗ್ಗೆ ಹತ್ತಕ್ಕೆ
ಇಂಗ್ಲೆಂಡನ್ನು ಆಳುತ್ತಾರೆ.
ನಿವೃತ್ತ ಅಂಚೆಯವ ವಿಲ್ಫ್ ಗ್ಯಾರಡ್ ತೆರಿಗೆ ಇಳಿಸುತ್ತಾನೆ,
ಬೆರಿಲ್ ಆಲ್ಡಸ್ ಏರಿಸುತ್ತಾಳೆ,
ಬಸ್ಸು ಓಡಿಸುವ ಒಸೇ, ಮುಂದಿನ ಟ್ರಿಪ್ಪಿಗೆ ಹನ್ನೆರಡು ನಿಮಿಷವಿರುವಾಗ
ಸಕ್ಕರೆ ಕೇಳಿ, ಸುಮ್ಮನೆ ಕೂರುತ್ತಾನೆ.
ಮೇಲ್ಮನೆಯನ್ನು ವಾರಕ್ಕೆರಡು ಸಲ ರದ್ದು ಮಾಡಿ
ಮಳೆ ಬಂದರೆ ವಾಪಸು ಕೊಡುತ್ತಾರೆ.

ಬೆರಿಲ್ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವಳು,
ಚಮಚವನ್ನೇ ಬೆತ್ತವಾಗಿಸಿ ಕಡಲಿಗೆ ತೋರಿಸುತ್ತಾಳೆ:
ಅಗೋ, ಅಲ್ಲಿ, ಆ ಹಕ್ಕಿ ಕೂತ ನೀರಿನ ಕೆಳಗೆ
ಸಂತೆ, ಬಂದರು, ಚರ್ಚುಗಳ ಸಾಲು.
ಊರಿಗೆ ಬಂದವಳು ನೀರಿಗೆ ಬಾರದಿರುವಳೆ ಎಂಬ ಮಾತಿದೆ;
ಇಲ್ಲಿ ಊರೇ ನೀರಿಗೆ ಬಂದಿತ್ತು,
ಬಿಂದಿಗೆ ಸಮೇತ, ಗೋರಿ ಸಮೇತ,
ಹಿಂದಿರುಗಲಿಲ್ಲ.
ಆದರೂ ಸಾವಿರದ ಎಂಟುನೂರ ಮೂವತ್ತೆರಡರವರೆಗೆ
ಆ ಊರಿಂದ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರು!
ಮತದಾರರು ಮೂವತ್ತು ಚಿಲ್ಲರೆ.
ಆಗ ಹೊಗೆ ಕಾರುತ್ತಿದ್ದ ಇಡೀ ಮ್ಯಾಂಚೆಸ್ಟರಿಗೆ
ಒಬ್ಬನೂ ಇಲ್ಲ.

ವಿಲ್ಫ್ ನಗುವುದಿಲ್ಲ.
ಅವನ ಮನೆಗೂ ಬಂಡೆಯಂಚಿಗೂ ನಡುವೆ
ಒಂದು ಬೀನ್ಸ್ ಪಾತಿ, ಒಂದು ಬಟ್ಟೆ ಒಣಗಿಸುವ ಹಗ್ಗ.
ಆರು ವರ್ಷದಲ್ಲಿ ಏಳು ಪತ್ರ ಬರೆದ,
ಏಳಕ್ಕೂ ಉತ್ತರ ಬಂತು,
ಏಳು ಮಂತ್ರಿಗಳ ಏಳು ಬೇರೆ ರುಜು,
ಮೇಲಿನ ವಾಕ್ಯ ಮಾತ್ರ ಒಂದೇ:
ನಿಮ್ಮ ಕಳವಳ ನಮಗೆ ಬಹಳ ಮುಖ್ಯ.
ಅಂಚೆಯವನಲ್ಲವೆ,
ಲಕೋಟೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ
ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದಾನೆ.
'ಮುಳುಗಿದವರಿಗೆ ಇಬ್ಬರು,' ಎನ್ನುತ್ತಾನೆ,
'ಒಣಗಿ ನಿಂತ ನನಗೆ ಅರ್ಧವೂ ಇಲ್ಲ.
ತಡಿ, ಇನ್ನೆರಡು ಚಳಿಗಾಲ. ನನಗೂ ಬಲ ಬರುತ್ತೆ.'

ಜಗಳ ಶುರುವಾಗುವುದು ಆಗಲೇ.
ಗೋಡೆ ಕಟ್ಟಬೇಕು ಎಂದೊಬ್ಬರು,
ಯಾರ ದುಡ್ಡಲ್ಲಿ ಎಂದು ಇನ್ನೊಬ್ಬರು,
ರಾಜನ ಕಾಲದಲ್ಲಿ ಹೀಗಿರಲಿಲ್ಲ ಎಂದರೆ
ಈಗಲೂ ರಾಜನದೇ ಕಾಲ ಮಾರಾಯ ಎಂದು ಎಡ್ವಿನಾ.
ಪಕ್ಕದ ಮೇಜಿನ ಪರಸ್ಥಳದವನೊಬ್ಬ, ಯಾರೂ ಕೇಳದಿದ್ದರೂ,
ಇದಕ್ಕೆಲ್ಲ ಹೊರಗಿಂದ ಬಂದವರೇ ಕಾರಣ ಎಂದ.
ಎಲ್ಲರೂ ತಿರುಗಿ ಕಡಲನ್ನು ನೋಡಿದರು,
ಹೊರಗಿಂದ ಬಂದದ್ದು ಅದೊಂದೇ ಎಂಬಂತೆ.

ಒಸೇ ಕಪ್ಪು ಕೆಳಗಿಟ್ಟ.
'ನಮ್ಮ ದೇಶದ ಗಡಿ ಎಳೆದವರು ನಿಮ್ಮವರು.
ನಮ್ಮಜ್ಜಿಯ ಊರನ್ನೇ ಸೀಳಿತು ಗೆರೆ,
ಅಡುಗೆಮನೆ ಒಂದು ಕಡೆ, ನಂಟರೆಲ್ಲ ಇನ್ನೊಂದು ಕಡೆ.
ಆಗ ಯಾರೂ ಹೆಜ್ಜೆ ಹಾಕಿ ಅಳೆಯಲಿಲ್ಲ.'
ಅಷ್ಟಂದು ಗಡಿಯಾರ ನೋಡಿ ಎದ್ದ. ಬಸ್ಸಿನ ಬಾಗಿಲು ಉಸ್ಸೆಂದಿತು.
ಬೆರಿಲ್ ಚಮಚ ತಿರುಗಿಸುತ್ತಲೇ ಇದ್ದಳು
ಕರಗಿಹೋದ ಸಕ್ಕರೆಯನ್ನು.

ಗುರುವಾರ ಮತದಾನ.
ಹಳೆಯ ಮತಗಟ್ಟೆಯ ಗೋಡೆ ಬಿರುಕಿದ್ದರಿಂದ
ಈ ಸಲ ಗದ್ದೆಯಲ್ಲೊಂದು ಕ್ಯಾರವಾನು,
ಒಳಗೆ ಹಲಗೆಯ ಮರೆ, ದಾರ ಕಟ್ಟಿದ ಗಿಡ್ಡ ಪೆನ್ಸಿಲು.
ಹೊರಗೆ ನಾಯಿಗಳು ಒಂದನ್ನೊಂದು ಮೂಸಿ
ಯಾವ ಪಕ್ಷವೆಂದು ತಿಳಿದುಕೊಳ್ಳುತ್ತಿದ್ದವು.
ವಿಲ್ಫ್ ಬೇಗ ಬಂದ, ಕೋಟು ಇಸ್ತ್ರಿ ಮಾಡಿಸಿಕೊಂಡು.
ಒಳಗೆ ಬಹಳ ಹೊತ್ತು ನಿಂತ.
ಯಾರಿಗೆ ಹಾಕಿದೆ ಎಂದು ನಾವು ಕೇಳಲಿಲ್ಲ, ಅದು ಇಲ್ಲಿ ಪದ್ಧತಿಯಲ್ಲ.
ದಾರ ಉದ್ದ ಸಾಲದು ಎಂದ,
ಎಡಗೈಯವರಿಗೆ ಕಷ್ಟ,
ಈ ಬಗ್ಗೆ ಒಂದು ಪತ್ರ ಬರೆಯಬೇಕು.